ಪಕ್ಕದವರ ತಲೆ ಅಲುಗಬಾರದು

ಸೆಪ್ಟೆಂಬರ್ 24, ಬುಧವಾರ. ಬೆಳಿಗ್ಗೆ

ಏಕನಾಥ, ಬಲಗಾಲಿಗೆ ಸ್ವಲ್ಪವಾದರೂ ನೆಲ ತಿಳಿಯುತ್ತಿದೆಯೇ? ಸೊಸೆ ಮೈತ್ರೇಯಿಯ ಸೊಂಟನೋವು ಇಳಿಯಿತೇ? ಸಾನ್ವಿಗೆ ಮುಂದಿನ ಹಲ್ಲು ಬಂತೋ, ಮೊಮ್ಮಗಳೂ ಅಜ್ಜನ ಹಾಗೆ ಬೊಚ್ಚುಬಾಯಿಯೋ? ನಿನ್ನ ಮಗ ವಿನೀತನ ಆರೋಗ್ಯ ಮಾತ್ರ ಕೇಳುವುದಿಲ್ಲ. ಅವನದು ದಿನಾ ಫೋನಿನಲ್ಲಿ ಕಾಣುತ್ತದೆ, ಜಗತ್ತಿಗೆಲ್ಲ ಕಾಣುತ್ತದೆ.

ಇದು ನಿನಗೆ ಮುಟ್ಟುವ ಪತ್ರ ಅಲ್ಲ. ಪಾರ್ಶ್ವವಾಯು ಬಡಿದ ಮೇಲೆ ನಿನಗೆ ಅಕ್ಷರ ಕಲಸಿಹೋಗುತ್ತದೆ, ಪುಣೆಯಲ್ಲಿ ವಿನೀತನೇ ಓದಿ ಹೇಳುತ್ತಾನೆ. ಅವನ ಬಾಯಲ್ಲಿ ನನ್ನ ಮಾತು ಬೇಡ. ಅದಕ್ಕೆ ಈ ಡೈರಿ. ಆದರೆ ಜನ್ಮವಿಡೀ ತಮ್ಮನಿಗೆ ಬರೆದ ಕೈ... ಮೇಲೆ ಹೆಸರು ಹಾಕದಿದ್ದರೆ ಪೆನ್ನು ಮುಂದೆ ಹೋಗುವುದಿಲ್ಲ.

ಕಾರು ತೊಳೆದೆ. ನಿನ್ನ ಕೆಂಪು ಎರಡು ಬಾಗಿಲಿನ ಕಾರು ಮಾಳಮಡ್ಡಿಯ ಈ ಓಣಿಗೆ ಬಂದು ಎರಡನೇ ದಸರೆ. "ಅಕ್ಕಾ, ನನ್ನ ಕಾಲು ಹೋತು. ಇದನ್ನ ನಿನ್ನ ಕಾಲಾಗ ಇಟ್ಕೋ" ಅಂದಿದ್ದೆಯಲ್ಲ. ಇಟ್ಟುಕೊಂಡಿದ್ದೇನೆ. ದಿನಾ ನಸುಕಿನಲ್ಲಿ ಉಣಕಲ್ ಕೆರೆಯವರೆಗೆ, ಬರಿಗಾಲಲ್ಲಿ. ಚಪ್ಪಲಿ ಹಿಂದಿನ ಡಿಕ್ಕಿಯಲ್ಲಿ. ಅಪ್ಪನ ಹಾರ್ಮೋನಿಯಂ, ಆ ಕಾಲ್ಪೆಟ್ಟಿಗೆಯನ್ನು ಚಪ್ಪಲಿ ಕಾಲಲ್ಲಿ ಯಾರು ತುಳಿಯುತ್ತಿದ್ದರು? ಇದೂ ಹಾಗೆಯೇ.

ಇವತ್ತು ಕೆರೆಯ ಕಡೆಗೆ ರಸ್ತೆ ಇಳಿಯುವ ಇಳಕಲಿನಲ್ಲಿ ಮೂರರಿಂದ ಎರಡನೇ ಗೇರಿಗೆ ಬಂದದ್ದು — ಬೆಣ್ಣೆ. ನೀನು ಇರಬೇಕಿತ್ತು.

ಸೆಪ್ಟೆಂಬರ್ 27, ಶನಿವಾರ. ರಾತ್ರಿ ಊಟಕ್ಕೆ ಮುಂಚೆ

ವಿನೀತ ಬಂದ. ಬಿಳೀ ಬೂಟು. ಹೊಸಿಲು ದಾಟಿ ಬೂಟಿನಲ್ಲೇ ಒಳಗೆ ಬಂದ. ನಮಸ್ಕಾರಕ್ಕಿಂತ ಮೊದಲು ಕಾರಿನ ಕೀಲಿ ಕೇಳಿದ. ದಸರೆ ಮುಗಿಸಿ ಪುಣೆಗೆ ಒಯ್ಯುತ್ತಾನಂತೆ.

"ಅಪ್ಪ ಏನಂದಾನ?" ಅಂದೆ.

"ಆತ್ಯಾ ಹೂಂ ಅಂದ್ರ ಒಯ್ಯಿ ಅಂದಾರ. ಹೂಂ ಅನ್ರಿ, ಮುಗೀತು."

"ಮೊದಲ ನಡಸಿ ತೋರಸು."

ನಕ್ಕ. ಫೋನು ತೆಗೆದು ತನ್ನದೇ ವಿಡಿಯೋ ತೋರಿಸಿದ. ಸ್ಟಿಯರಿಂಗಿನ ಕೆಳಗೆ ಕ್ಯಾಮೆರಾ ಇಟ್ಟಿದ್ದಾನೆ. ಬರೀ ಬೂಟು, ಪೆಡಲು, ಬೂಟು. ಹಿಂದೆ ಡಬ್ ಡಬ್ ಸಂಗೀತ. ಹೀಲ್ ಅಂಡ್ ಟೋ ಅಂತ ದೊಡ್ಡ ಅಕ್ಷರ. ಕಾಲು ಕುಣಿಯುವುದೇ ಕುಣಿಯುವುದು... ಕಾರು ನಿಂತೇ ಇದೆ! ಎಂಜಿನ್ ಆನ್, ಕಾರು ಪಾರ್ಕಿಂಗಿನಲ್ಲಿ. ಥೂ.

ಸೆಪ್ಟೆಂಬರ್ 28, ಭಾನುವಾರ

ಕರೆದುಕೊಂಡು ಹೋದೆ. ಅವನು ಸ್ಟಿಯರಿಂಗಿಗೆ, ನಾನು ಪಕ್ಕಕ್ಕೆ. ನಮ್ಮ ಹಳೇ ಷರತ್ತು ಹೇಳಿದೆ — ಗೇರು ಇಳಿಸುವಾಗ ಪಕ್ಕದವರ ತಲೆ ಅಲುಗಬಾರದು. ನನ್ನ ಕುತ್ತಿಗೆ ಸವೆದದ್ದು, ಎಳೆ ಮಗುವಿನ ಕುತ್ತಿಗೆಯ ಹಾಗೆ ಎಲ್ಲವನ್ನೂ ಹೇಳಿಬಿಡುತ್ತದೆ.

ಮೂರು ಸಲ ಇಳಿಸಿದ. ಮೂರೂ ಸಲ ನನ್ನ ತಲೆ ಹೌದಪ್ಪನ ಚಾವಡಿಯಲ್ಲಿ ಹೌದು ಹೌದು ಅಂದಿತು. ಗೇರುಪೆಟ್ಟಿಗೆ ಒಳಗೆ ನರಳಿತು. ಹಲ್ಲು ಕಡಿದುಕೊಂಡೆ.

ತಿಳಿಯ ಹೇಳಿದೆ. ಬಲಪಾದದ ಮುಂಭಾಗ ಬ್ರೇಕಿನ ಮೇಲೆ. ಎಡಗಾಲು ಕ್ಲಚ್ಚು ತುಳಿಯಲಿ, ಕೈ ಗೇರು ಇಳಿಸಲಿ. ಅದೇ ಹೊತ್ತಿಗೆ ಬಲಗಾಲಿನ ಹಿಮ್ಮಡಿಯನ್ನು ಹೊರಳಿಸಿ ಆಕ್ಸಿಲರೇಟರನ್ನು ಒಂದು ಸಲ ಮುಟ್ಟು, ಎಂಜಿನ್ನಿನ ಉಸಿರು ಕೆಳಗಿನ ಗೇರಿನ ವೇಗಕ್ಕೆ ಏರಲಿ. ಆಮೇಲೆ ಕ್ಲಚ್ಚು ಬಿಡು. ಬ್ರೇಕಿನ ಒತ್ತು ಮಾತ್ರ ಎಲ್ಲಿಯೂ ಸಡಿಲಬಾರದು. ಕಾಲ್ಪೆಟ್ಟಿಗೆಯಲ್ಲಿ ಒಂದು ಕಾಲು ಏಳುವಾಗ ಇನ್ನೊಂದು ಗಾಳಿ ಹಿಡಿಯುವುದಿಲ್ಲವೇ? ಸ್ವರ ತುಂಡಾದರೆ ಹಾಡುವವನ ಮರ್ಯಾದೆ ಹೋಗುತ್ತದೆ, ಅಪ್ಪ ಹೇಳುತ್ತಿದ್ದ. ನಾವಿಬ್ಬರೂ ಕಲಿತದ್ದು ಅಷ್ಟರಲ್ಲೇ. ಮೇಲಿನದೆಲ್ಲ ಕಲಿಸಿದ್ದು ಒಂದು ಹಳೇ ಇಂಗ್ಲಿಷ್ ಪತ್ರಿಕೆ, ಒಂದು ಡಿಕ್ಷನರಿ, ಸವೆದ ನಾಲ್ಕು ಟೈರು.

"ಬೂಟು ಕಳಿ" ಅಂದೆ. "ಪೆಡಲ್ ತಿಳೀಬೇಕು ಕಾಲಿಗೆ."

"ಆತ್ಯಾ, ಬರಿಗಾಲು ವಿಡಿಯೋದಾಗ ಘಾಣ ಕಾಣತದ."

ತನ್ನ ಕಾಲೇ ಇವನಿಗೆ ಹೇಸಿಗೆ! ಕೆರೆಯ ದಂಡೆಯಲ್ಲಿ ಗಿರಮಿಟ್ ಮಾರುವ ಫಕೀರಪ್ಪ ದಿನಾ ನನಗೆ ಕೈ ಮಾಡುವವನು. ಇವತ್ತು ನನ್ನನ್ನು ಪಕ್ಕದ ಸೀಟಿನಲ್ಲಿ ನೋಡಿ ಕೂಗಿದ — "ಏನ್ರೀ ಬಾಯಾರ, ಇವತ್ತ ಡ್ರೈವರ್ ಇಟ್ಟೀರೇನು? ಗಾಡಿ ಬಿಕ್ಕಳಸಾಕತ್ತೈತಲ್ರಿ, ನೀರ ಕುಡಸ್ರಿ!"

ವಿನೀತ ಮುಖ ತಿರುಗಿಸಿದ. ನಾನು ಹೂಂ ಅನ್ನಲಿಲ್ಲ.

ಅಕ್ಟೋಬರ್ 1, ಬುಧವಾರ. ಖಂಡೇಪೂಜೆ. ಸಂಜೆ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ತಂಬೂರಿ, ತಬಲಾ, ಅಪ್ಪನ ಕಾಲ್ಪೆಟ್ಟಿಗೆ, ಎಲ್ಲಕ್ಕೂ ಪೂಜೆ ಮಾಡಿದೆ. ಕಾಲ್ಪೆಟ್ಟಿಗೆಯ ಮರದ ಮೆಟ್ಟುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಒಣಬಟ್ಟೆಯಿಂದ ತಿಕ್ಕಿ ಒರೆಸಿ, ಆಮೇಲೆ ಕುಂಕುಮ. ನಿನಗೆ ಗೊತ್ತಿದ್ದದ್ದೇ. ವಿನೀತ ನೋಡುತ್ತ ನಿಂತಿದ್ದ. ನೋಡುತ್ತಾನೆ, ಮನಸ್ಸು ಇಟ್ಟಿದ್ದಾನೆ ಅಂದುಕೊಂಡೆ. ಮರುಳು ನಾನು.

ಹೊರಗೆ ಹೋಗಿ ನೋಡಿದರೆ ಕಾರಿನ ಮೂರೂ ಪೆಡಲಿಗೆ ಎಣ್ಣೆ ಸುರಿದಿದ್ದಾನೆ. ಮೇಲೆ ಕುಂಕುಮ, ಅಕ್ಷತೆ, ಒಂದು ಚೆಂಡುಹೂ. ಕೆಳಗೆ ಕ್ಯಾಮೆರಾ.

"ಒರಸೋ ಅದನ್ನ! ಇದು ರಬ್ಬರು, ಕಟಗಿ ಅಲ್ಲ."

"ಎಣ್ಣಿ ಇದ್ರ ಮಿಂಚತದ ಆತ್ಯಾ, ಫ್ರೇಮ್ ಮಸ್ತ್ ಬರತದ. ಮತ್ತ ಪೂಜಾ ಮಾಡಿದ್ದು ಅವತ್ತ ಒರಸಬಾರದು ಅಂತ ನೀವ ಹೇಳೂದು."

ಹೌದು, ನಾನೇ ಹೇಳುವುದು. ಏರಿಸಿದ ಕುಂಕುಮ ಅದೇ ದಿನ ಒರೆಸುವ ಪದ್ಧತಿ ನಮ್ಮಲ್ಲಿ ಇಲ್ಲ. ಬಟ್ಟೆ ಹಿಡಿದ ಕೈ ಹಿಂದೆ ಬಂತು. ಇರಲಿ, ಇವತ್ತು ಹೇಗೂ ಗಾಡಿಗೆ ವಿಶ್ರಾಂತಿ, ವಾದ್ಯದ ಹಾಗೆ, ನಾಳೆ ನಾನೇ ಒರೆಸುತ್ತೇನೆ... ಅಂದುಕೊಂಡೆ. ಅಷ್ಟರಲ್ಲಿ ಅವನು ಗಾಲಿಗೆ ನಿಂಬೆಹಣ್ಣು ಇಟ್ಟು, ಪೂಜೆಗಿಟ್ಟ ಕೀಲಿ ಎತ್ತಿಕೊಂಡು ಸ್ಟಾರ್ಟ್ ಮಾಡಿದ. ಒಬ್ಬನನ್ನೇ ಹೇಗೆ ಬಿಡಲಿ? ಹತ್ತಿ ಕುಳಿತೆ.

ಉಣಕಲ್ ಇಳಕಲು. ಬ್ರೇಕು ತುಳಿದ, ಕ್ಲಚ್ಚು ತುಳಿದ, ಹಿಮ್ಮಡಿ ಹೊರಳಿಸಿದ. ಎಣ್ಣೆಯ ಬೂಟು ಬ್ರೇಕಿನಿಂದ ಜಾರಿ ಇಡೀ ಕಾಲು ಆಕ್ಸಿಲರೇಟರಿನ ಮೇಲೆ ಬಿತ್ತು. ಅದೇ ಕ್ಷಣ ಕ್ಲಚ್ಚನ್ನೂ ಬಿಟ್ಟ. ಕಾರು ಬಾಣದ ಹಾಗೆ ನೆಗೆಯಿತು. ನಾನು ಹ್ಯಾಂಡ್‌ಬ್ರೇಕು ಎಳೆದೆ. ಕಾರು ಅಡ್ಡಡ್ಡ ತಿರುಗಿ ಫಕೀರಪ್ಪನ ಗಾಡಿಗೆ ಹೋಗಿ ಬಡಿಯಿತು. ಫಕೀರಪ್ಪ ಹಾರಿಕೊಂಡ, ದೇವರು ದೊಡ್ಡವನು. ಮೊಣಕೈ ತರಚಿತು, ಗಾಡಿಯ ಗಾಲಿ ಮುರಿಯಿತು, ಚುರಮುರಿ ರಸ್ತೆಯ ತುಂಬ, ಉಳ್ಳಾಗಡ್ಡಿ ನಮ್ಮ ಗಾಜಿನ ಮೇಲೆ.

ಇಲ್ಲಿಯವರೆಗೆ ತಪ್ಪು. ತಪ್ಪು ಯಾರಿಗೂ ಆಗುತ್ತದೆ. ಮುಂದಿನದು ಹೇಸಿಗೆ.

ಇಳಿದವನು ಫಕೀರಪ್ಪನನ್ನು ನೋಡಲಿಲ್ಲ. ಬಂಪರು ನೋಡಿದ, ನಿನಗೆ ಫೋನು ಮಾಡಿದ. ನನ್ನ ಎದುರಿಗೇ.

"ಪಪ್ಪಾ, ಗಾಬ್ರಿ ಆಗಬ್ಯಾಡ್ರಿ. ಆತ್ಯಾ ನಡಸಲಿಕ್ಹತ್ತಿದ್ರು. ಬ್ರೇಕ್ ಬದಲಿ ಆಕ್ಸಿಲರೇಟರ್ ತುಳದ್ರು. ವಯಸ್ಸಾತು, ಪಾಪ."

ಪಾಪ ಅಂದ! ಫೋನು ನನ್ನ ಕಿವಿಗೆ ಹಿಡಿದ. ನೀನು ಅಳುತ್ತಿದ್ದೆ. "ಅಕ್ಕಾ, ನಿನಗೇನೂ ಆಗಿಲ್ಲಲಾ? ಅಕ್ಕಾ?" ಆ ತೊದಲು ದನಿ. ನಿನ್ನ ರಕ್ತದೊತ್ತಡ, ನಿನ್ನ ಆ ಅರ್ಧ ಮುಖ ಕಣ್ಣ ಮುಂದೆ ಬಂತು. "ಏನೂ ಆಗಿಲ್ಲೋ" ಅಂದೆ. ಅಷ್ಟೇ ಅಂದೆ.

ಫಕೀರಪ್ಪ ಮೊಣಕೈ ಹಿಡಿದುಕೊಂಡೇ ನನ್ನನ್ನು ನೋಡಿದ. "ಬಾಯಾರ, ಸ್ಟೇರಿಂಗ್ ಹಿಂದ ಕುಂತಾಂವ ಯಾರ, ಬೈಸಿಕೊಳ್ಳಾರ ಯಾರ? ಯಾಕ ಸುಮ್ಮಕ್ಕ ನಿಂತ್ರಿ? ಬಾಯಾಗ ಬದನಿಕಾಯಿ ಇಟ್ಕೊಂಡೀರೇನು?"

ಇಟ್ಟುಕೊಂಡಿದ್ದೆ. ಇನ್ನೂ ಇದೆ.

ಅಕ್ಟೋಬರ್ 2, ಗುರುವಾರ. ದಸರಾ

ಬನ್ನಿ ತಂದ. ಹೊಸ ಅಂಗಿ. ಅದೇ ಬೂಟು, ತೊಳೆದು ಹಚ್ಚಬಿಳಿ ಮಾಡಿದ್ದಾನೆ. ಕಾಲಿಗೆ ಬಿದ್ದ. "ಬಂಗಾರ ತಗೊಂಡು ಬಂಗಾರದಂಗ ಇರೂಣು ಆತ್ಯಾ" ಅಂದ. ಕಣ್ಣಲ್ಲಿ ಒಂದು ಮುಳ್ಳಿನಷ್ಟೂ ನಾಚಿಕೆ ಇಲ್ಲ.

ಕೈಯಲ್ಲಿ ಎಲೆ ಹಿಡಿದು ನಿಂತೆ. ಬನ್ನಿ ಕೊಟ್ಟವನಿಗೆ ಇಲ್ಲ ಅನ್ನಬಾರದು. ತಗೊಂಡೆ. ಕೊಟ್ಟೆ. ಜಜ್ಜಿದ ಕಾರು ಇಲ್ಲೇ ಬಿಟ್ಟು ಅವನು ಪುಣೆಗೆ ಹೊರಟ ಮೇಲೆ ಕೈ ತೊಳೆದೆ, ಮತ್ತೆ ತೊಳೆದೆ. ಬನ್ನಿ ಮುಟ್ಟಿ ಕೈ ತೊಳೆದದ್ದು ಇದೇ ಮೊದಲು.

ಪೆಡಲು ವಿಡಿಯೋ ಹಾಕಿದ್ದಾನೆ. "ನಮ್ಮ ಪರಂಪರೆ" ಅಂತ ಹೆಸರು. ಸಾವಿರಾರು ಜನ ಕೈ ಮುಗಿದಿದ್ದಾರೆ. ಫೋನು ಬೋರಲು ಹಾಕಿದೆ.

ಅಕ್ಟೋಬರ್ 15, ಬುಧವಾರ

ಬರೆದಿರಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಬಂಪರು ಸರಿಯಾಯಿತು. ಫಕೀರಪ್ಪನ ಗಾಡಿಗೆ ದುರ್ಗದಬೈಲಿನ ಪೇಟೆಯಿಂದ ಗಾಲಿ ತಂದು ಹಾಕಿಸಿದೆ. ನಾನು ಬಸ್ಸಿನಲ್ಲಿ ಹೋಗಿ ಬಂದೆ, ಗಾಲಿ ತೊಡೆಯ ಮೇಲೆ.

ಇವತ್ತು ನಿನ್ನ ವಾಯ್ಸ್ ಮೆಸೇಜು. ತುಂಡು ತುಂಡು. "ಅಕ್ಕಾ... ಗಾಡಿ ಮಾರೂಣು. ದೀಪಾವಳಿ ಆದ ಮ್ಯಾಲೆ ಒಬ್ಬಾಂವ ಬರ್ತಾನ, ಕೀಲಿ ಕೊಡು. ಮತ್ತ ಯಾವ ಗಾಡೀನೂ ನಡಸಬ್ಯಾಡ. ನನ್ನ ಆಣಿ." ಹಿಂದೆ ವಿನೀತನ ದನಿ — "ಹೂಂ, ಇನ್ನೊಮ್ಮೆ ಹೇಳ್ರಿ, ಸ್ಪಷ್ಟ ಹೇಳ್ರಿ."

ಹೇಳಿಕೊಟ್ಟು ಆಣೆ ಹಾಕಿಸುತ್ತಾನೆ! ಹೆತ್ತ ಅಪ್ಪನ ಬಾಯನ್ನೂ ಪೆಡಲಿನ ಹಾಗೆ ತುಳಿಯುತ್ತಾನೆ.

ಕಾರು ಹೋಗಲಿ, ಏಕನಾಥ. ಕಬ್ಬಿಣ. ಆದರೆ ನನ್ನ ಕಾಲಿನಲ್ಲಿ ಏನಿದೆ ಅಂತ ಬಲ್ಲವನು ನೀನೊಬ್ಬನೇ. ನೀನೂ ನನ್ನನ್ನು ಪೆಡಲು ತಪ್ಪುವ ಮುದುಕಿ ಅಂದುಕೊಂಡು ಕಣ್ಣು ಮುಚ್ಚುತ್ತೀಯೇ? ಅದು ನುಂಗಲು ಆಗುತ್ತಿಲ್ಲ. ಅವನ ಮೇಲಿನ ಹೇಸಿಗೆ ಒಂದು ಪಾಲಾದರೆ ಅವತ್ತು ಸುಮ್ಮನೆ ನಿಂತ ನನ್ನ ಮೇಲಿನದು ಎರಡು ಪಾಲು.

ಅಕ್ಟೋಬರ್ 17, ಶುಕ್ರವಾರ. ಬೆಳಿಗ್ಗೆ

ಆಣೆ ಮುರಿದೆ. ಆ ಆಣೆ ನಿನ್ನದಲ್ಲ, ಅವನದು.

ಮೊದಲು ಪೆಡಲುಗಳನ್ನು ಸೀಗೆಪುಡಿ ಹಾಕಿ ತಿಕ್ಕಿದೆ, ಒಣಗಿಸಿದೆ. ಉಣಕಲ್ಲಿಗೆ ಹೋದೆ. ಕೆರೆಯ ದಂಡೆಯಲ್ಲಿ ಫಕೀರಪ್ಪ ಒಲೆ ಹಚ್ಚುತ್ತಿದ್ದ. "ಹತ್ತಿ ಕೂಡು" ಅಂದೆ.

"ಯವ್ವಾ! ಗಾಡಿ ಆತು, ಈಗ ನಾನು ಬೇಕೇನ್ರಿ?"

"ನಿನ್ನ ತಲಿ ಅಲುಗಿದ್ರ ಹೇಳು. ಮುಲಾಜಿ ಹಿಡೀಬ್ಯಾಡ."

ಚಪ್ಪಲಿ ಬಿಟ್ಟು ಕುಳಿತ, ನಾನು ಹೇಳುವ ಮೊದಲೇ. ಮೇಲೆ ಹೋಗಿ ತಿರುಗಿಸಿಕೊಂಡು ಇಳಕಲಿಗೆ ಬಂದೆ. ಬ್ರೇಕು. ಕ್ಲಚ್ಚು. ಹಿಮ್ಮಡಿ ಹೊರಳಿತು, ಎಂಜಿನ್ನು ಒಂದು ಉಸಿರು ತೆಗೆದುಕೊಂಡಿತು, ಗೇರು ತಾನಾಗಿ ಕುಳಿತಿತು. ನಾಲ್ಕರಿಂದ ಮೂರು, ಮೂರರಿಂದ ಎರಡು. ಕೆರೆಯ ನೀರು ಕೂಡ ಅಲುಗಲಿಲ್ಲ ಅನ್ನಿಸಿತು.

"ಹೇಳು."

"ತಲಿ ಅಲುಗಲಿಲ್ರೀ ಬಾಯಾರ. ಕಣ್ಣ ಮುಚ್ಚಿದ್ನಿ, ಗಾಡಿ ನಿಂತಿದ್ದ ತಿಳೀಲಿಲ್ಲ." ಇಳಿದು ಚಪ್ಪಲಿ ಮೆಟ್ಟಿಕೊಂಡ. "ಇದನ್ನ ನನಗ ತೋರಿಸಿ ಏನ್ ಮಾಡ್ತೀರಿ? ನನಗ ಮೊದಲ ಗೊತ್ತೈತಿ. ಗೊತ್ತಿಲ್ದಾವಗ ತೋರಸ್ರಿ."

ಅಕ್ಟೋಬರ್ 18, ಶನಿವಾರ

ಮೈತ್ರೇಯಿಗೆ ಫೋನು ಮಾಡಿದೆ. ವಿನೀತ ಮನೆಯಲ್ಲಿ ಇಲ್ಲದ ಹೊತ್ತು. ಆದದ್ದೆಲ್ಲ ಹೇಳಿದೆ. "ಆತ್ಯಾ, ಅವರು ಪುಣೆಕ್ಕ ಬಂದ ಮ್ಯಾಲೆ ಬೂಟಿನ ತಳ ನಾನ ತಿಕ್ಕಿದ್ದು. ಎಣ್ಣಿ, ಕುಂಕುಮ... ಅವತ್ತ ಕೇಳಬೇಕಿತ್ತು ನಾನು" ಅಂದಳು. ಅವಳಿಗೂ ಹೇಸಿಗೆ ಬಂದಿದೆ, ಪಾಪ. ಈ ಪಾಪ ಖರೇ ಪಾಪ. "ಬರೀರಿ, ಫೋಟೋ ತಗದು ನನ್ನ ಫೋನಿಗೆ ಕಳಸ್ರಿ. ನಾನ ಮಾವಗ ಓದಿ ಹೇಳ್ತೇನಿ. ಒಂದಕ್ಷರ ಬಿಡೂದಿಲ್ಲ" ಅಂದಳು.

ಹಾಗಾದರೆ ಈ ಪುಟ ನಿನಗೆ ಮುಟ್ಟುತ್ತದೆ. ಕೈಗೆ ಒಮ್ಮೆಲೇ ಸಂಕೋಚ ಬಂತು ನೋಡು.

ಏಕನಾಥ, ಅವತ್ತು ನಡೆಸಿದ್ದು ನಾನಲ್ಲ. ಇದನ್ನು ಕೇಳಿ ಅಳಬೇಡ, ಒತ್ತಡ ಏರುತ್ತದೆ. ಮಗನಿಗೆ ಹೊಡೆಯಲೂ ಹೋಗಬೇಡ, ಬೀಳುತ್ತೀ. ದೀಪಾವಳಿಗೆ ಬಾ. ಮೈತ್ರೇಯಿ ರೈಲಿಗೆ ಹತ್ತಿಸುತ್ತಾಳೆ, ಸ್ಟೇಷನ್ನಿಗೆ ಕಾರು ತರುತ್ತೇನೆ. ಪಕ್ಕದಲ್ಲಿ ಕೂಡು. ಉಣಕಲ್ ಇಳಕಲಿಗೆ ಹೋಗೋಣ. ನಿನ್ನ ತಲೆ ಒಂದು ಕೂದಲಿನಷ್ಟು ಅಲುಗಿದರೂ ಕೀಲಿ ಅಲ್ಲಿಯೇ ನಿನ್ನ ಕೈಗೆ, ಮಾರಿಬಿಡು, ನಾನು ಕೇಳುವುದಿಲ್ಲ. ಅಲುಗದಿದ್ದರೆ, ಕೊಳ್ಳಲು ಬಂದವನಿಗೆ ನೀನೇ ಇಲ್ಲ ಅನ್ನಬೇಕು. ಸ್ಪಷ್ಟ ಹೇಳಬೇಕು.

ಬರುತ್ತೀಯೋ ಇಲ್ಲವೋ, ಮೆಸೇಜು ಬೇಡ, ಅದರಲ್ಲಿ ಬೇರೆಯವರ ದನಿ ಸೇರುತ್ತದೆ. ನಿನ್ನ ಕೈಯಿಂದಲೇ ಬರೆ, ಮೈತ್ರೇಯಿ ಅದರ ಫೋಟೋ ಕಳಿಸಲಿ. ಎಡಗೈ ಆದರೂ ಸೈ, ಅಕ್ಷರ ಸೊಟ್ಟಾದರೂ ಸೈ. ಲಗೂ ಬರೆ, ಹಬ್ಬ ಎದುರಿಗೇ ಇದೆ, ನಾನು ದಿನಾ ಪೆಡಲು ಒರೆಸಿ ಇಟ್ಟು ನಿನ್ನ ದಾರಿ ಕಾಯುತ್ತಿರುತ್ತೇನೆ.