ಎರಡು ಮೆಟ್ಟಿಲು ಕೆಳಗೆ

ಮಾರ್ಚ್ 4, ಬುಧವಾರ

ಹನ್ನೊಂದು ಬೀಗದ ಕೈ ಮಾಡಿದೆ. ಒಂದು ಬೀರು ತೆರೆದುಕೊಟ್ಟೆ. ಸಂಜೆ ಎಂದಿನಂತೆ ಪ್ರಾಕ್ಟೀಸ್, ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಆಕೆ ಕೀಬೋರ್ಡ್, ಭಾಮೈದ ಗಿಟಾರ್, ನಾನು ಹಾಡುಗಾರ. ಇಪ್ಪತ್ತೆರಡು ವರ್ಷದಿಂದ ಒಂದೇ ಬ್ಯಾಂಡಿನ ಹಾಡು — ಆ ನಾಲ್ವರು ಉದ್ದಗೂದಲಿನವರದು. ಪ್ರತಿ ತಿಂಗಳ ಕೊನೆಯ ಶನಿವಾರ ಹೋಟೆಲಿನ ಹಾಲಿನಲ್ಲಿ ಕಾರ್ಯಕ್ರಮ. ಎಲ್ಲರಿಗೂ ಗೊತ್ತಿರುವ ಹಾಡು ಹತ್ತು, ಯಾರೂ ಕೇಳಿರದ್ದು ಎರಡು. ಆರಿಸುವವನು ನಾನು.

ಈ ಸಲ ಪಟ್ಟಿ ಮೊದಲೇ ಸಿದ್ಧವಾಗಿತ್ತು. ಗೊತ್ತಿರುವುದು ಆರು, ಗೊತ್ತಿಲ್ಲದ್ದು ಆರು. ರೈಲಿನ ಹಾಡೇ ಇಲ್ಲ! ಜನ ಬರುವುದೇ ಅದಕ್ಕೆ.

“ಜನಕ್ಕೂ ಹೊಸದು ಬೇಕಲ್ವಾ ಭಾವ,” ಎಂದ ಭಾಮೈದ. ನನ್ನ ಮುಖ ನೋಡಲಿಲ್ಲ. ಡಾಕ್ಟರಮ್ಮ ವೈರ್ ಸರಿಮಾಡುವ ನೆಪದಲ್ಲಿ ಮೇಜಿನಡಿ ಸೇರಿಕೊಂಡರು.

ಏನೋ ನಡೆಯುತ್ತಿದೆ.

ಮಾರ್ಚ್ 5, ಗುರುವಾರ

ಬೀಗದ ಕೆಲಸದವನಿಗೆ ಅನುಮಾನ ಕಸುಬಿನ ಜೊತೆಗೇ ಬರುತ್ತದೆ. ಪಟ್ಟಿಯನ್ನು ಮತ್ತೆ ನೋಡಿದೆ. ಮೂರನೇ ರೆಕಾರ್ಡಿನ ಹಿಂಬದಿಯ ನಾಲ್ಕನೆಯದು, ಆರನೆಯದರ ಕೊನೆಯದು... ಎಲ್ಲವೂ ಗೊಣಗುವ ಹಾಡುಗಳು. ಬಾಯಿಬಿಟ್ಟು ಕೂಗುವ ಜಾಗ ಒಂದೂ ಇಲ್ಲ. ಭಾಮೈದನ ಗಂಟಲಿಗೆ ಅಳತೆ ತೆಗೆದು ಹೊಲಿದ ಹಾಗಿವೆ. ಅವನಿಗೆ ನಲವತ್ತು, ತಲೆತುಂಬ ಕೂದಲು ಬೇರೆ. ಮೈಕ್ ಮೇಲೆ ಕಣ್ಣು ಬಿದ್ದಿದೆ.

ಮಾರ್ಚ್ 10, ಮಂಗಳವಾರ

ಅಡುಗೆಮನೆಯಲ್ಲಿ ಹೆಂಡತಿ ಫೋನಿನಲ್ಲಿ — “ನೀನೇನೂ ಬಾಯಿ ಬಿಡ್ಬೇಡ. ಡಾಕ್ಟ್ರಿಗೂ ಹೇಳಿದೀನಿ.”

ನಾನು ಹೋದ ಕೂಡಲೇ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

“ಯಾರು?”

“ತಮ್ಮ.”

“ಏನಂತೆ?”

“ಏನಿಲ್ಲ, ಸುಮ್ನೆ.”

ಇವಳೂ ಸೇರಿದ್ದಾಳೆ.

ಮಾರ್ಚ್ 12, ಗುರುವಾರ, ಮಧ್ಯಾಹ್ನ

ರೈಲಿನ ಹಾಡನ್ನು ನನ್ನ ಹಾಗೆ ಹಾಡುವವರಿಲ್ಲ ಎಂದು ತೋರಿಸಿಯೇಬಿಡೋಣ ಅನ್ನಿಸಿತು. ಅಂಗಡಿಯ ಶಟರ್ ಅರ್ಧ ಎಳೆದೆ. ಹಳೆಯ ಟೇಪ್ ರೆಕಾರ್ಡರ್ ಅಟ್ಟದಿಂದ ಇಳಿಸಿ ರೈಲಿನ ಹಾಡು ಹಾಕಿದೆ. ಜೊತೆಗೆ ಹಾಡಿದೆ. ಕೊನೆಯ ಸಾಲು ಬಂತು... ಟೇಪಿನವನು ಮೇಲಕ್ಕೆ ಹೋದ, ನಾನು ನೆಲದಲ್ಲೇ ಉಳಿದೆ. ಮೂರು ಸಲ ಹಾಕಿದೆ. ಮೂರು ಸಲವೂ ಅಷ್ಟೇ.

ಮೋಟಾರ್ ಕೆಟ್ಟಿದೆ. ವೇಗವಾಗಿ ಓಡಿ ಶ್ರುತಿ ಏರಿಸುತ್ತಿದೆ. ಪಕ್ಕದ ರೇಡಿಯೋ ರಿಪೇರಿಯವನಿಗೆ ಕೊಟ್ಟುಬಂದೆ.

ಮಾರ್ಚ್ 14, ಶನಿವಾರ

“ಮೋಟ್ರು ಸರಿಯಾಗೇ ಇದೆ ಸಾರ್. ಗಡಿಯಾರ ಇಟ್ಕೊಂಡೇ ನೋಡ್ದೆ,” ಎಂದ. ಕಾಸೂ ಕೇಳಲಿಲ್ಲ. ಇವನಿಗೂ ಭಾಮೈದನಿಗೂ ಪರಿಚಯ ಇದೆಯೇ?

ಮಾರ್ಚ್ 18, ಬುಧವಾರ

ಬೇಕೆಂದೇ ಅರ್ಧ ಗಂಟೆ ಮುಂಚೆ ಹೋದೆ. ಒಳಗೆ ಯಾರದೋ ಹಲ್ಲು ಕೊರೆಯುವ ಸದ್ದು. ಕೀಬೋರ್ಡ್ ಆನ್ ಆಗಿತ್ತು. ಅದರ ಪುಟ್ಟ ಪರದೆಯ ಮೇಲೆ: −2.

ಆ ಅಂಕಿ ಬದಲಿಸುವ ಬಟನ್ ಗೊತ್ತು. ಒತ್ತಿದಷ್ಟೂ ಇಡೀ ಹಾಡಿನ ಶ್ರುತಿ ಇಳಿಯುತ್ತದೆ. ಸೊನ್ನೆಗೆ ತಂದೆ, ರೈಲಿನ ಹಾಡಿನ ಮೊದಲ ಸ್ವರ ಒತ್ತಿದೆ. ಟೇಪಿನದೇ ಸ್ವರ. ಮತ್ತೆ −2 ಮಾಡಿ ಒತ್ತಿದೆ. ಅದು ನಾನು ಹಾಡುವುದು.

ಪಕ್ಕದಲ್ಲಿ ಡಾಕ್ಟರಮ್ಮನ ನೋಟ್‌ಬುಕ್. ಔಷಧಿ ಚೀಟಿಯ ಅಕ್ಷರವೇ ಆದರೂ ಓದಿಕೊಂಡೆ. “ಹೋದ ಮೇ −1. ನವೆಂಬರ್ −2. ಇನ್ನೂ ಇಳಿಸಿದರೆ ಅವರಿಗೆ ಗೊತ್ತಾಗುತ್ತದೆ. ಮೇಲೆ ಹೋಗುವ ಹಾಡು ಕೈಬಿಟ್ಟು ಪಟ್ಟಿ ಬದಲಿಸೋಣ.”

ಟೇಪ್ ಕೆಟ್ಟಿಲ್ಲ. ಕೆಟ್ಟಿರುವುದು ನನ್ನ ಗಂಟಲು. ಊರಿನವರನ್ನೆಲ್ಲ ಅನುಮಾನಿಸಿದೆ, ಇದೊಂದನ್ನು ಬಿಟ್ಟು.

ಏನೂ ಗೊತ್ತಿಲ್ಲದವನ ಹಾಗೆ ಹಾಡಿದೆ. ಚೆನ್ನಾಗಿತ್ತು ಎಂದರು.

ಮಾರ್ಚ್ 27, ಶುಕ್ರವಾರ

ಒಂಬತ್ತು ದಿನ ಪೆನ್ನು ಮುಟ್ಟಿಲ್ಲ. ಇವತ್ತು ಹೆಂಡತಿಯನ್ನು ಕೇಳಿಯೇಬಿಟ್ಟೆ.

“ಹೋದ ಏಪ್ರಿಲಲ್ಲಿ ಆ ಕೊನೇ ಸಾಲಿಗೆ ನಿಮ್ಮ ಕತ್ತಿನ ನರ ಉಬ್ಬಿ ಬಂತು. ದನಿ ಒಡೀತು. ಹಿಂದಿನ ಟೇಬಲ್ನೋರು ನಕ್ರು. ನೀವು ನೋಡ್ಲಿಲ್ಲ, ನಾನು ನೋಡ್ದೆ. ನಾನೇ ತಮ್ಮನಿಗೆ ಹೇಳಿದ್ದು.”

“ಇಡೀ ವರ್ಷ ನನ್ನ ಮಂಗ ಮಾಡಿದ್ರಿ.”

“ಹಾಡ್ತಾ ಇರ್ಲಿ ಅಂತ ಮಾಡಿದ್ವಿ. ಹಾಡೋದು ಬಿಟ್ರೆ ನೀವು ಏನಾಗ್ತೀರೋ ಅಂತ ಭಯ ಆಯ್ತು.”

ನಾಚಿಕೆಯಾಯಿತು. ಕೋಪ ಅದಕ್ಕಿಂತ ಹೆಚ್ಚು. ಕರುಣೆಯ ಹಾಡು ನನಗೆ ಬೇಡ. ನಾಳೆ ಸೊನ್ನೆಯಲ್ಲೇ ಹಾಡುತ್ತೇನೆ. ಒಡೆದರೆ ಒಡೆಯಲಿ, ಅದೇ ಕೊನೆ.

ಮಾರ್ಚ್ 28, ಶನಿವಾರ, ಸಂಜೆ 6.40

ಹೋಟೆಲಿನ ಹಾಲಿನ ಹಿಂದಿನ ಕೋಣೆ. ಪಟ್ಟಿಯ ಕೊನೆಗೆ ರೈಲಿನ ಹಾಡನ್ನು ನಾನೇ ಬರೆದೆ. ಯಾರೂ ಇಲ್ಲದಾಗ ವೇದಿಕೆಗೆ ಹೋಗಿ ಕೀಬೋರ್ಡನ್ನು ಸೊನ್ನೆಗೆ ತಂದೆ. ತಿರುಗಿದರೆ ಭಾಮೈದ ನಿಂತಿದ್ದಾನೆ.

ಜಗಳಕ್ಕೆ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ನನ್ನ ಹಿಂದೆಯೇ ಈ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಹತ್ತು ತಿಂಗಳಿನಿಂದ ನನಗಾಗಿ ಸಡಿಲಿಸಿಟ್ಟಿದ್ದ ತಂತಿಗಳನ್ನು ಒಂದೊಂದಾಗಿ ಬಿಗಿ ಮಾಡತೊಡಗಿದ. ಐದನೆಯದಕ್ಕೆ ಬಂದಾಗ, ತಲೆ ಎತ್ತದೆ:

“ಭಾವ... ಕೊನೇ ಸಾಲು ನಾನೂ ಹಾಡ್ಲಾ? ನಿಮ್ಮ ಜೊತೆಗೆ?”

ಇವನು ಮೈಕ್ ಕಸಿದುಕೊಳ್ಳಲು ಬಂದವನು ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಹರಿದು ಹಾಕಬೇಕು ಆ ಹಾಳೆ. ಅವನು ಆರನೇ ತಂತಿಯಲ್ಲಿದ್ದಾನೆ. ಹೊರಗೆ ಕರೆಯುತ್ತಿದ್ದಾರೆ. ಇನ್ನೊಂದು ಮೈಕ್ ಬೇಕೆಂದು ಹೇಳಬೇಕು, ನನ್ನ ಸ್ಟ್ಯಾಂಡಿನ ಪಕ್ಕದಲ್ಲೇ ಇಡಲು—