ಜಾಲಿ ತೋಪಿನ ಹಾದಿಯಲ್ಲಿ ದೀರ್ಘವಾಗಿ ಉಸಿರಾಡಿದವನ ಅಹವಾಲು

ವಾಯುವಿಹಾರ ಪಥಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಡ್ಡಿರಾಂಪುರದ ಹೊರಗೆ, ಕಾಲುವೆಯ ಪಕ್ಕದ ಬಳ್ಳಾರಿ ಜಾಲಿಯ ನಡುವೆ ತಾವು ಮಾಡಿಸಿಕೊಟ್ಟಿರುವ ನಡಿಗೆಯ ಹಾದಿ ಚಳಿಗಾಲದ ಬೆಳಗುಗಳಲ್ಲಿ ಜನರ ಉಸಿರು ಕಟ್ಟಿಸುತ್ತಿದೆ. ಇದನ್ನು ತಮ್ಮ ಕಚೇರಿಗೆ ಖುದ್ದಾಗಿ ಬಂದು ಹೇಳಿದ್ದೆ. ಆದರೆ ಅಂದು ನಾನು ಮಾತಾಡಿದ್ದಕ್ಕಿಂತ ಸೀನಿದ್ದೇ ಹೆಚ್ಚಾದ್ದರಿಂದ ವಿಷಯ ತಮ್ಮ ಕೋಣೆಯವರೆಗೆ ತಲುಪಿರಲಾರದು. ಕಾಗದಕ್ಕೆ ಮೂಗಿಲ್ಲ. ಅದಾದರೂ ಕೊನೆಯವರೆಗೆ ಹೇಳಿ ಮುಗಿಸೀತು ಎಂಬ ಆಸೆಯಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಹಂಪಿಯಲ್ಲಿ ಗೈಡ್. ಚಳಿಗಾಲ ಬಂತೆಂದರೆ ಪ್ರವಾಸಿಗರೂ ಬರುತ್ತಾರೆ, ನನ್ನ ಸೀನೂ ಬರುತ್ತದೆ. ಇಬ್ಬರಿಗೂ ಮುಂಜಾನೆಯೇ ಪ್ರೀತಿ. ಕಳೆದ ಡಿಸೆಂಬರಿನಲ್ಲಿ ಪುಣೆಯ ಒಂದು ಕುಟುಂಬವನ್ನು ಆನೆಲಾಯದ ಗುಮ್ಮಟದ ಕೆಳಗೆ ನಿಲ್ಲಿಸಿ, ಕೈಯೆತ್ತಿ, ಗಂಭೀರವಾಗಿ ಇತಿಹಾಸ ಶುರು ಮಾಡಿದ್ದೆ. ಇತಿಹಾಸದ ಬದಲು ಸೀನು ಬಂತು. ಗುಮ್ಮಟ ಅದನ್ನು ಇನ್ನಷ್ಟು ಜೋರಾಗಿ ತಿರುಗಿ ಕೊಟ್ಟಿತು. ಗೋಡೆಗಳ ಪ್ರತಿಧ್ವನಿ ತೋರಿಸಲು ನಾನು ಬೇಕೆಂದೇ ಹಾಗೆ ಮಾಡಿದೆ ಎಂದುಕೊಂಡ ಆ ಮನೆಯ ಯಜಮಾನರು ಮೊಬೈಲ್ ಹಿಡಿದು, ಇನ್ನೊಮ್ಮೆ ಎಂದರು. ನಾನು ನಿರಾಸೆ ಮಾಡಲಿಲ್ಲ. ಮಾಡುವುದು ನನ್ನ ಕೈಯಲ್ಲೂ ಇರಲಿಲ್ಲ.

ಇದಕ್ಕೆ ಕಾರಣ ಯಾರು ಎಂಬ ಪ್ರಶ್ನೆಗೆ, ಎಲ್ಲ ವಿದ್ಯಾವಂತ ಗಂಡಂದಿರಂತೆ, ನಾನು ಮೊದಲು ಹೆಂಡತಿಯನ್ನೇ ನೋಡಿದೆ. ಸುಮಂಗಲಾ ರಸ್ತೆ ಬದಿಯಲ್ಲಿ ಸಣ್ಣ ಖಾನಾವಳಿ ನಡೆಸುತ್ತಾಳೆ. ಅವಳ ಒಗ್ಗರಣೆಯ ಮೆಣಸಿನಕಾಯಿಯೇ ಅಪರಾಧಿ ಎಂದು ತೀರ್ಪು ಕೊಟ್ಟೆ.

ಅವಳು ಸೌಟು ಕೆಳಗಿಡದೆ ಕೇಳಿದಳು: “ಒಗ್ಗರಣಿ ವರ್ಷಪೂರ್ತಿ ಹಾಕ್ತೀನ್ರಿ. ನಿಮ್ಮ ಮೂಗಿಗೆ ಥಂಡಿ ದಿನದಾಗ ಮಾತ್ರ ಯಾಕ ಸಿಟ್ಟು ಬರ್ತದ?”

ಇಂಥ ಪ್ರಶ್ನೆ ಬಂದಾಗ ಪುರುಷರು ವಾಕಿಂಗ್ ಹೋಗುತ್ತಾರೆ. ನಾನೂ ಹೋದೆ, ತಮ್ಮದೇ ಹಾದಿಗೆ. ಎರಡೂ ಕಡೆ ಜಾಲಿ, ಕೊಂಬೆ ಕೊಂಬೆಗೆ ತಿಳಿ ಹಳದಿಯ ಹೂಗೊಂಚಲು, ಸಿಮೆಂಟಿನ ಬೆಂಚು, ಹಸಿರು ಬಣ್ಣದ ಫಲಕ: “ಶುದ್ಧ ಗಾಳಿ. ದೀರ್ಘವಾಗಿ ಉಸಿರಾಡಿ.” ಸರ್ಕಾರದ ಸೂಚನೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಪ್ರಜೆ ತಮಗೆ ಇನ್ನೊಬ್ಬ ಸಿಗಲಾರ. ಬೆಂಚಿನ ಮೇಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಎದೆ ಬಿರಿಯುವಷ್ಟು ಒಳಗೆಳೆದುಕೊಂಡೆ. ಸೀನು ಹೆಚ್ಚಾಯಿತು. ಒಳಗಿನ ಕಲ್ಮಶ ಹೊರಗೆ ಹೋಗುತ್ತಿದೆ ಎಂದು ಸಂತೋಷಪಟ್ಟು ಇನ್ನೂ ದೀರ್ಘವಾಗಿ ಎಳೆದುಕೊಂಡೆ. ಕಣ್ಣು ಕೆಂಪಾಗಿ ಊದಿಕೊಂಡಾಗಲೂ ಸಾಧನೆ ಫಲಿಸುತ್ತಿದೆ ಎಂದೇ ಭಾವಿಸಿದ್ದೆ. ಒಂದು ದಿನ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಸೀಟಿ ಊದಿದಂತಾದ ಮೇಲೆ ಸುಮಂಗಲಾ ನನ್ನನ್ನು ಎಳೆದುಕೊಂಡು ಹೊಸಪೇಟೆಯ ಡಾಕ್ಟರ್ ರಮಾ ಅವರ ಮುಂದೆ ಕೂರಿಸಿದಳು.

ಅವರು ನನ್ನ ತೋಳಿನ ಮೇಲೆ ಬೇರೆ ಬೇರೆ ಪರಾಗದ ಹನಿಗಳನ್ನಿಟ್ಟು ಚುಚ್ಚಿದರು. ಒಂದು ಹನಿಯ ಜಾಗ ಮಾತ್ರ ಪುಟ್ಟ ಇಡ್ಲಿಯಂತೆ ಉಬ್ಬಿತು. ಅದು ಬಳ್ಳಾರಿ ಜಾಲಿ.

“ದಿನಾ ವಾಕಿಂಗ್ ಎಲ್ಲಿ ಹೋಗ್ತೀರಿ?” ಎಂದರು. ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ನೋಡ್ರಿ, ಈ ಸಲ ಮಳಿ ಹಿಂದಾಗಿ ಬಂತು, ಜಾಲಿ ಭಾಳ ಹೂ ಬಿಟ್ಟದ. ಥಂಡಿ ಮುಂಜಾನಿ ಗಾಳಿ ಮ್ಯಾಲೆ ಏಳಂಗಿಲ್ಲ, ನೆಲದ ಮ್ಯಾಲೇ ಕುಂತಿರ್ತದ. ಪರಾಗ, ಲಾರಿ ಧೂಳು, ಒಲಿ ಹೊಗಿ ಎಲ್ಲಾ ಅದರಾಗ ಸೇರಿರ್ತಾವ. ಬಿಸಿಲು ಬಿದ್ದು ಹೂವು ಒಣಗಿದಂಗ ಇನ್ನಷ್ಟು ಪರಾಗ ಉದುರ್ತದ. ಒಣ ಥಂಡಿಗೆ ಶ್ವಾಸನಾಳ ಮೊದಲೇ ಕೆರಳಿರ್ತಾವ. ನೀವು ಅದೇ ಹೊತ್ತಿಗೆ ಹೋಗಿ, ಹೂವಿನ ಕೆಳಗ ಕುಂತು, ಉದ್ದಕ ಉಸಿರು ಎಳೀತೀರಿ!”

ಸುಮಂಗಲಾ ನನ್ನ ಕಡೆ ತಿರುಗಿ, ಒಗ್ಗರಣೆ ಹಾಕುವಂತೆ ಕೈಯಾಡಿಸಿ ತೋರಿಸಿದಳು. ಅದು ಆ ಸೂಜಿಗಿಂತ ಹೆಚ್ಚು ಚುಚ್ಚಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ನಾನು ಇನ್‌ಹೇಲರ್ ಜೇಬಿಗೆ ಹಾಕಿಕೊಂಡೆ, ಮೂಗಿಗೆ ಮಾಸ್ಕ್ ಏರಿಸಿದೆ, ವಾಕಿಂಗ್ ಬಿಟ್ಟೆ. ಬಿಡುವುದು ನನಗೆ ಸುಲಭ. ಹೊಟ್ಟೆ ಕರಗಿಸಲು ಹೋಗುತ್ತಿದ್ದವನು ನಾನು. ಹೊಟ್ಟೆ ತುಂಬಿಸಲು ಅದೇ ಹಾದಿಯಲ್ಲಿ ಹೋಗುವವರ ಗತಿ ಏನು ಸ್ವಾಮಿ?

ನಮ್ಮ ಪಕ್ಕದ ಮನೆಯ ಪಕೀರಮ್ಮ ಕಾಲುವೆಯಾಚೆಯ ಬಾಳೆ ತೋಟಕ್ಕೆ ಕೂಲಿಗೆ ಹೋಗುವ ಹೆಣ್ಣುಮಗಳು. ತೋಟಕ್ಕೆ ಹತ್ತಿರದ ದಾರಿ ಎಂದರೆ ತಮ್ಮ ವಾಯುವಿಹಾರ ಪಥ. ಜನವರಿಯ ಒಂದು ಮುಂಜಾನೆ, ಗದ್ದೆಗಳ ಮೇಲೆ ಮಂಜು ಇನ್ನೂ ಕವಿದಿತ್ತು. ಜೊತೆಯ ಹೆಂಗಸರು ಕೂಗಿಕೊಂಡದ್ದು ಖಾನಾವಳಿಯವರೆಗೆ ಕೇಳಿ, ನಾನೂ ಸುಮಂಗಲಾಳೂ ಆ ಹಾದಿಗೆ ಓಡಿದೆವು. ಪಕೀರಮ್ಮ ಬೆಂಚಿನ ಅಂಚು ಹಿಡಿದು ಮುಂದಕ್ಕೆ ಬಾಗಿ ಕುಳಿತಿದ್ದಳು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒದ್ದಾಡುತ್ತಿತ್ತು. ತುಟಿ ಕಪ್ಪಿಟ್ಟಿತ್ತು. ಹೋದ ವರ್ಷದಿಂದ ಥಂಡಿ ದಿನಗಳಲ್ಲಿ ಅವಳಿಗೆ ದಮ್ಮು ಬರುತ್ತಿತ್ತಂತೆ. ಕೂಲಿ ತಪ್ಪೀತೆಂದು ಯಾರಿಗೂ ಹೇಳಿರಲಿಲ್ಲ.

ನನ್ನ ಇನ್‌ಹೇಲರನ್ನೇ ಅವಳ ಬಾಯಿಗೆ ಹಿಡಿದೆ. ನಮ್ಮ ಓಣಿಯ ಮುರುಗೇಶ್ ತನ್ನ ಆಟೋ ತಂದ. “ಜಲ್ದಿ ಹತ್ತಿಸ್ರಿ, ಮಾತು ಬ್ಯಾಡ!” ಎಂದು ಕಿರುಚಿದ. ಹೊಸಪೇಟೆಯವರೆಗೂ ಸುಮಂಗಲಾ ಅವಳ ಬೆನ್ನನ್ನು ನೇವರಿಸುತ್ತಲೇ ಇದ್ದಳು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಪಕೀರಮ್ಮ ಉಳಿದಳು. ಆಮ್ಲಜನಕದ ಮಾಸ್ಕಿನ ಒಳಗಿಂದ ಅವಳು ಆಡಿದ ಮೊದಲ ಮಾತು: “ಇವತ್ತು ಬಾಳಿ ಗೊನಿ ಕಡಿಯೋದಿತ್ತವ್ವಾ.”

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಾವು ಇರಲಿಲ್ಲ. ಸಿಬ್ಬಂದಿ ಮಾಲತೇಶ್ ಎಂಬವರು ಮರ್ಯಾದೆಯಿಂದ ಕುರ್ಚಿ ಕೊಟ್ಟು, “ಕುಂದ್ರಿ. ಜಾಲಿ ತಗದ್ರ ಹಸಿರು ಕಮ್ಮಿ ಆಗ್ತದಲ್ರೀ. ನಿಮಗ ಹಸಿರು ಬ್ಯಾಡೇನು?” ಎಂದರು. ಘನವಾದ ಉತ್ತರವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆದೆ, ಸೀನು ಬಂತು. ಮತ್ತೆ ತೆರೆದೆ, ಮತ್ತೆ ಬಂತು. ಅವರು ನೀರು ಕೊಟ್ಟು ಕಳಿಸಿದರು. ಅಂದು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಹಸಿರಾಗಿ ಕಂಡದ್ದೆಲ್ಲ ಒಳ್ಳೆಯದೆಂದು ಯಾರು ಹೇಳಿದರು? ಯಾವ ಮರ, ಯಾವ ಕಾಲದಲ್ಲಿ, ಯಾರ ಉಸಿರಿನ ಪಕ್ಕದಲ್ಲಿ ಹೂ ಬಿಡುತ್ತದೆ ಎಂದು ನೋಡದೆ ಹಾದಿ ಮಾಡಿಸುವುದಾದರೆ, ಅದಕ್ಕೆ ಅಧಿಕಾರಿ ಏಕೆ ಬೇಕು? ಜಾಲಿ ತಾನೇ ಬೆಳೆಯುತ್ತದೆ, ಹಾದಿಯನ್ನು ಜನ ತಾವೇ ತುಳಿದುಕೊಳ್ಳುತ್ತಾರೆ.

ಸುತ್ತಲಿನ ಜಾಲಿಯನ್ನೆಲ್ಲ ಬೆಳಗಾಗುವುದರೊಳಗೆ ಕಡಿಯಿರಿ ಎನ್ನುವಷ್ಟು ಮೂರ್ಖ ನಾನಲ್ಲ. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಹಾದಿಯ ಎರಡೂ ಬದಿಯದನ್ನು ಬೇರು ಸಮೇತ ತೆಗೆಸಿ. ಆ ಜಾಗದಲ್ಲಿ ಏನು ನೆಡಬೇಕೆಂದು ಮರ ಬಲ್ಲವರನ್ನೂ ಎದೆ ಬಲ್ಲ ಡಾಕ್ಟರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಹೂ ಬಿಡುವ ತಿಂಗಳುಗಳಲ್ಲಿ ಒಣ ಥಂಡಿ ಗಾಳಿ ಬೀಸುವ ದಿನ ಊರಿನಲ್ಲಿ ಡಂಗುರವನ್ನಾದರೂ ಸಾರಿಸಿ. ನಮ್ಮ ಆರೋಗ್ಯ ಉಪಕೇಂದ್ರದಲ್ಲಿ ದಮ್ಮಿನ ಔಷಧಿ ಇರುವಂತೆ ಸಂಬಂಧಪಟ್ಟವರಿಗೆ ಹೇಳಿ. ಎಲ್ಲ ಕೂಲಿಯವರ ಪಕ್ಕದಲ್ಲೂ ಸೀನುವ ಗೈಡ್ ಒಬ್ಬ ಇರುವುದಿಲ್ಲ.

ಪಕೀರಮ್ಮ ಈಗ ಮತ್ತೆ ತೋಟಕ್ಕೆ ಹೋಗುತ್ತಿದ್ದಾಳೆ. ಜಾಲಿಗೆ ಹೆದರಿ, ಅದಿರಿನ ಲಾರಿಗಳು ಓಡುವ ಡಾಂಬರು ರಸ್ತೆಯ ಅಂಚಿನಲ್ಲಿ, ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಸುತ್ತಿ ಹೋಗುತ್ತಾಳೆ. ಮೊನ್ನೆ ಒಂದು ಲಾರಿ ಅವಳ ಬುತ್ತಿಯ ಚೀಲಕ್ಕೆ ತಾಗಿಕೊಂಡೇ ಹೋಯಿತಂತೆ. ಮುಂದಿನ ಚಳಿಗಾಲಕ್ಕೂ ಅವಳು ಕೆಲಸಕ್ಕೆ ಹೋಗಲೇಬೇಕು. ಯಾವ ಹಾದಿಯಲ್ಲಿ ಹೋಗಬೇಕು ಎಂದು ಅವಳಿಗೆ ತಾವೇ ಬಂದು ಹೇಳಿ.

ಇಂತಿ,
ಮೂಗು ಕಟ್ಟಿದ್ದರೂ ಬಾಯಿ ಕಟ್ಟಿಕೊಳ್ಳಲಾಗದ
ದೊಡ್ಡಬಸಪ್ಪ, ಗೈಡ್
ಕಡ್ಡಿರಾಂಪುರ