ನಲ್ಲಿಯ ಹತ್ತಿರ ಹೇಳುವ ಕಥೆ

ಸರಾಯೆವೊ
ನವೆಂಬರ್ 2016

ಪ್ರೀತಿಯ ಮುಬೇರಕ್ಕ,

ನೀನಿರುವ ಲಿಂಜ್‌ನಲ್ಲಿ ಚಳಿ ಹಿಡಿದಿರಬೇಕು. ಇಲ್ಲಿ ಹೊಗೆಮಂಜು ಗುಡ್ಡದಿಂದ ಇಳಿದು ಟ್ರಾಮ್ ಕಂಬಿಯವರೆಗೂ ಬಂದಿದೆ. ಆದರೂ ಪ್ರವಾಸಿಗರು ಬರುತ್ತಲೇ ಇದ್ದಾರೆ. ಬೆಳಿಗ್ಗೆ ಮಸೀದಿ, ಹಳೇ ಪೇಟೆ ತೋರಿಸುತ್ತೇನೆ. ಮಧ್ಯಾಹ್ನ, ಯುದ್ಧದಲ್ಲಿ ಊರಿಗೆ ಮುತ್ತಿಗೆ ಬಿದ್ದಿದ್ದ ಕಾಲದ ಜಾಗಗಳು. ಕೊನೆಗೆ ನಲ್ಲಿಯ ಹತ್ತಿರ ಅಮ್ಮನ ಫೋಟೋ ಹಿಡಿದು ಅವಳು ಸತ್ತ ಕಥೆ ಹೇಳುತ್ತೇನೆ. ಅದನ್ನು ಬಿಡು ಎಂದು ನೀನು ಜಗಳವಾಡಿದ ಮೇಲೆ ನಾವು ಮಾತಾಡಿಲ್ಲ. ಇವತ್ತು ಬರೆಯದೆ ಇರಲಾಗಲಿಲ್ಲ.

ಮೊನ್ನೆ ಎಂದಿನಂತೆ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದೆ. ಅಮ್ಮ ನೀರಿಗೆ ಸಾಲು ನಿಂತಿದ್ದಳು, ಶೆಲ್ ಬಿತ್ತು, ಅಲ್ಲೇ ಪ್ರಾಣ ಹೋಯಿತು. ಚಿಕ್ಕಮ್ಮ ನಮಗೆ ಹೇಳಿದ್ದೂ ಅಷ್ಟೇ ತಾನೆ? ಆಗ ನಮ್ಮ ಹಳೇ ಬೀದಿಯ ಝುಮ್ರಾ, ಈರುಳ್ಳಿ ಚೀಲ ಹಿಡಿದು ಹೋಗುತ್ತಿದ್ದವಳು, ಫೋಟೋ ನೋಡಿ ನಿಂತಳು. ಇವರಿಗೆ ಏನು ಹೇಳುತ್ತಿದ್ದೀಯ ಎಂದು ಕೇಳಿದಳು. ಹೇಳಿದೆ. ಅವಳು ನಮ್ಮ ಭಾಷೆಯಲ್ಲೇ ಅಂದಳು:

“ಇಲ್ಲೆಲ್ಲಿ ಸತ್ಲು ಮಗಳೇ? ಬಾಗಿಲ ಹಲಗೆ ಮೇಲೆ ಮಲಗಿಸ್ಕೊಂಡು ನಾವೇ ನಮ್ಮನೆಗೆ ತಂದ್ವಿ. ಆಸ್ಪತ್ರೆ ಕಡೆ ಹೋಗೋಕೆ ಗುಂಡು ನಿಂತ್ರೆ ತಾನೆ? ಸಂಜೆವರೆಗೂ ಉಸಿರಿತ್ತು. ಮಕ್ಕಳನ್ನ ಕರೆಸಿ ಅಂತಿದ್ಲು. ಹೇಗ್ ಕರೆಸೋದು? ನೀವು ರಸ್ತೆ ಆಚೆ ನೆಲಮಾಳಿಗೇಲಿದ್ರಿ. ದಾಟಿದ್ರೆ ನೀವೂ ಹೋಗ್ತಿದ್ರಿ. ಇದನ್ನ ನಿಮಗೆ ಹೇಳ್ಬೇಡಿ ಅಂದಿದ್ದೇ ನಿಮ್ಮ ಚಿಕ್ಕಮ್ಮ.”

ಆ ಅಜ್ಜಿ ಏನಂದರು ಎಂದು ಪ್ರವಾಸಿಗರು ಕೇಳಿದರು. ನಿಮಗೆಲ್ಲ ಸ್ವಾಗತ ಅಂದರು ಎಂದೆ. ಅವರು ನಗುತ್ತ ಅವಳತ್ತ ಕೈ ಬೀಸಿದರು.

ನಮ್ಮ ಪ್ರವಾಸ ಕಂಪನಿಯ ಯಜಮಾನ ನೆರ್ಮಿನ್ ಪಕ್ಕದಲ್ಲೇ ಇದ್ದ, ಎಲ್ಲ ಕೇಳಿಸಿಕೊಂಡಿದ್ದ. ವ್ಯಾನಿನಲ್ಲಿ ಮೆಲ್ಲಗೆ, “ಬೇಜಾರು ಮಾಡ್ಕೋಬೇಡ ಶೇಯ್ಲಾ. ಆದ್ರೆ ಆ ಅಜ್ಜಿ ಹೇಳಿದ್ದು ಮೊದಲಿನದಕ್ಕಿಂತ ಚೆನ್ನಾಗಿದೆ. ಇನ್ಮೇಲೆ ಇದನ್ನೇ ಹೇಳು,” ಎಂದ. ಬಾಯಿಗೆ ಬಂದಂತೆ ಬೈದೆ.

ಆದರೆ ನಿನ್ನೆ ನಲ್ಲಿಯ ಹತ್ತಿರ ನಿಂತಾಗ ಬಾಯಿ ತಾನಾಗಿ ಅದನ್ನೇ ಹೇಳಿತು. ಬಾಗಿಲ ಹಲಗೆ, ಸಂಜೆ, ಮಕ್ಕಳನ್ನು ಕೇಳಿದ್ದು, ಎಲ್ಲವನ್ನೂ. ಎಲ್ಲರೂ ಅತ್ತರು. ಒಬ್ಬಾಕೆ ನನ್ನನ್ನು ತಬ್ಬಿಕೊಂಡಳು. ನಾನು ಮಾತ್ರ, ಯಾವ ಮಾತಿಗೆ ಅವಳ ಅಳು ಒತ್ತರಿಸಿ ಬಂತು, ನಾಳೆ ಅಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಯೋಚಿಸುತ್ತಿದ್ದೆ.

ಅಕ್ಕ, ಈಗ ಅಮ್ಮನನ್ನು ನೆನೆದರೆ ಅವಳ ದನಿ ಬರುವುದಿಲ್ಲ. ನನ್ನದೇ ದನಿ ಬರುತ್ತದೆ, ಅದೂ ಇಂಗ್ಲಿಷ್‌ನಲ್ಲಿ. ನೀನು ಇಲ್ಲಿಗೆ ಬರಬೇಡ. ಬಂದರೆ ನಿನ್ನನ್ನೂ ಕಥೆಗೆ ಸೇರಿಸಿಬಿಡುತ್ತೇನೆ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಶೇಯ್ಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಝುಮ್ರಾ ನಿಜವಾಗಿ ಹೇಳಿದ್ದು ಬೇರೆ: ಮಕ್ಕಳನ್ನು ಕರೆಸಿ ಎಂದು ಅಮ್ಮ ಹೇಳಲಿಲ್ಲವಂತೆ. ಮುಬೇರಳನ್ನು ಕರೆಸಿ ಅಂದಳಂತೆ, ಕೊನೆಯವರೆಗೂ. ಪ್ರವಾಸಿಗರ ಮುಂದೆ, ಈ ಪತ್ರದಲ್ಲೂ, ‘ಮಕ್ಕಳನ್ನು’ ಎಂದು ಮಾಡಿ ನನ್ನನ್ನೂ ಸೇರಿಸಿಕೊಂಡೆ.